ಥಿನ್ನರ್ ಜೊತೆ ಕೆಲಸವೇ? ಊದೋ ಟೆಸ್ಟ್ ಸರಿಯಾಗಿ ಮಾಡಿಸಿ

ಹಾಸನದ ಗ್ಯಾರೇಜುಗಳಲ್ಲಿ ಸ್ಪ್ರೇ ಪೇಂಟ್ ಹೊಡೆಯುವವರು, ಮರಕ್ಕೆ ಪಾಲಿಶ್ ಹಾಕುವವರು, ಕೈಗಾರಿಕಾ ಪ್ರದೇಶದಲ್ಲಿ ಥಿನ್ನರ್ ಹಾಕಿ ಬಿಡಿಭಾಗ ತೊಳೆಯುವವರು ದಿನವಿಡೀ ಅದರ ಆವಿಯನ್ನೇ ಉಸಿರಾಡುತ್ತಾರೆ. ಶ್ವಾಸಕೋಶ ಹೇಗಿದೆ ಎಂದು ನೋಡಲು ಇರುವುದು ಸ್ಪೈರೋಮೆಟ್ರಿ, ಅಂದರೆ ಊದೋ ಟೆಸ್ಟ್. ಬಹಳ ಜನ ಬಲೂನ್ ಊದಿದ ಹಾಗೆ ಊದಿ, ‘ನಾರ್ಮಲ್’ ಎಂದು ಬರೆಸಿಕೊಂಡು ಬರುತ್ತಾರೆ.

ತಯಾರಿ ಸುಲಭ. ಒಂದು ಗಂಟೆ ಮೊದಲೇ ಬೀಡಿ, ಸಿಗರೇಟು ನಿಲ್ಲಿಸಿ. ಬೆಲ್ಟ್ ಸಡಿಲ ಮಾಡಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಕಣ್ಣಿನ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಚಪ್ಪಲಿ ಬಿಚ್ಚಿ ಎತ್ತರ ಅಳೆಸಿ, ‘ಎಷ್ಟಿದ್ದೀರಿ?’ ಎಂದು ಕೇಳಿ ಬರೆದುಕೊಂಡರೆ ಒಪ್ಪಬೇಡಿ. ನಾರ್ಮಲ್ ಲೆಕ್ಕ ಹಾಕುವುದೇ ಎತ್ತರ, ವಯಸ್ಸು ನೋಡಿ.

ಈಗ ಊದುವುದು. ನೆಟ್ಟಗೆ ಕೂರಿ, ಮೂಗಿಗೆ ಕ್ಲಿಪ್ ಹಾಕಿಸಿಕೊಳ್ಳಿ. ಇನ್ನು ಜಾಗವೇ ಇಲ್ಲ ಅನ್ನುವಷ್ಟು ಉಸಿರು ಎಳೆಯಿರಿ. ನಳಿಕೆ ಹಲ್ಲುಗಳ ನಡುವೆ ಇರಲಿ, ಸುತ್ತ ತುಟಿ ಬಿಗಿಯಾಗಿರಲಿ, ನಾಲಿಗೆ ಅಡ್ಡ ಬರಬಾರದು. ತಡ ಮಾಡದೆ ಒಂದೇ ಏಟಿಗೆ ಜೋರಾಗಿ ಬಿಡಿ. ಕೆನ್ನೆ ಉಬ್ಬಿಸಬೇಡಿ. ಎಡವುವುದು ಇದಾದ ಮೇಲೆ: ಎರಡು ಸೆಕೆಂಡಿಗೆ ‘ಮುಗೀತು’ ಅನ್ನಿಸುತ್ತದೆ, ಮುಗಿದಿರುವುದಿಲ್ಲ. ಕನಿಷ್ಠ 6 ಸೆಕೆಂಡ್, ಪರದೆಯ ಗೆರೆ ಮಟ್ಟಸವಾಗುವ ತನಕ ಬಿಡುತ್ತಲೇ ಇರಿ. ಕಾರಣ ಇದೆ. ಮೊದಲ ಸೆಕೆಂಡಿನಲ್ಲಿ ಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸುತ್ತಾರೆ. ಅದು 0.7ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಶ್ವಾಸನಾಳ ಕಿರಿದಾಗಿದೆ ಎಂದರ್ಥ. ಬೇಗ ನಿಲ್ಲಿಸಿದರೆ ಒಟ್ಟು ಗಾಳಿ ಕಡಿಮೆ ದಾಖಲಾಗಿ ಅನುಪಾತ ಸುಮ್ನೆ ಮೇಲೇರುತ್ತದೆ, ಕಾಯಿಲೆ ಅಡಗಿಕೊಳ್ಳುತ್ತದೆ.

ಸರಿಯಾದ ಊದು ಮೂರು ಬೇಕು. ಅದರಲ್ಲಿ ಚೆನ್ನಾಗಿ ಬಂದ ಎರಡರ ನಡುವೆ 150 ಮಿ.ಲೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದೇ ಸಲ ಊದಿಸಿ ಕಳಿಸುವ ಉಚಿತ ಶಿಬಿರಗಳನ್ನು ನಾನಂತೂ ನಂಬುವುದಿಲ್ಲ. ತಲೆ ಸುತ್ತಿದರೆ ನಡುವೆ ಸುಧಾರಿಸಿಕೊಳ್ಳಿ.

ರಕ್ತದಲ್ಲಿ ಉರಿಯೂತ ನೋಡಲು ಸಿಆರ್‌ಪಿ, ಇಎಸ್‌ಆರ್ ಬರೆದುಕೊಡಬಹುದು. ಕೈ ಚಾಚಿದರೆ ಆಯ್ತು. ಆದರೆ ನೆಗಡಿ, ಹಲ್ಲಿನ ಕೀವು, ಬೊಜ್ಜು ಯಾವುದಿದ್ದರೂ ಸಿಆರ್‌ಪಿ ಏರಬಹುದು. ಡಿಸೆಂಬರ್ ಚಳಿಯಲ್ಲಿ ಕೆಮ್ಮುತ್ತಾ ಹೋಗಿ ಟೆಸ್ಟ್ ಮಾಡಿಸಿ ಥಿನ್ನರನ್ನು ಬೈದರೆ ಪ್ರಯೋಜನವಿಲ್ಲ. ರಕ್ತದ ಟೆಸ್ಟ್ ನಾರ್ಮಲ್ ಬಂತೆಂದು ಶ್ವಾಸಕೋಶ ಚೆನ್ನಾಗಿದೆ ಎಂದೂ ಅಲ್ಲ.

ರಜೆಯಲ್ಲಿ ಕಡಿಮೆಯಾಗುವ ಉಬ್ಬಸ ಸೋಮವಾರ ಮತ್ತೆ ಶುರುವಾಗುತ್ತಾ? ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಹಾರ್ಡನರ್ ಬೆರೆಸುವ ಟು-ಪ್ಯಾಕ್ ಪೇಂಟ್‌ಗಳಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಆಸ್ತಮಾ ತರಬಹುದು; ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಸ್ವಲ್ಪವೇ ಸಾಕು. ಪೀಕ್ ಫ್ಲೋ ಮೀಟರ್ (ಎಷ್ಟು ವೇಗವಾಗಿ ಊದುತ್ತೀರಿ ಎಂದು ಅಳೆಯುವ ಸಣ್ಣ ಸಾಧನ) ತಂದು, ಕೆಲಸದ ದಿನ, ರಜೆಯ ದಿನ ಎರಡೂ ಸೇರಿ ದಿನಕ್ಕೆ ನಾಲ್ಕು ಸಲ ಊದಿ ಬರೆದಿಡಿ. ಅಂದಹಾಗೆ ಕರ್ಚೀಫು, ಸರ್ಜಿಕಲ್ ಮಾಸ್ಕ್, ಎನ್95 ಯಾವುದೂ ಥಿನ್ನರ್ ಆವಿ ತಡೆಯುವುದಿಲ್ಲ. ಅದಕ್ಕೆ ಆವಿಗೆಂದೇ ಇರುವ ಕಾರ್ಟ್ರಿಜ್ (ಆವಿ ಹೀರುವ ಡಬ್ಬಿ) ಮಾಸ್ಕ್ ಬೇಕು, ಕಾರ್ಟ್ರಿಜ್ ಕಾಲಕಾಲಕ್ಕೆ ಬದಲಿಸಬೇಕು.

ವರದಿ ನುಣುಪು ಕಾಗದದ ಸುರುಳಿಯಲ್ಲಿ ಕೊಟ್ಟರೆ ಅದೇ ದಿನ ಜೆರಾಕ್ಸ್ ಮಾಡಿಸಿ, ಅಕ್ಷರ ಮಾಸಿಹೋಗುತ್ತದೆ. ಮುಂದಿನ ವರ್ಷ ಹೋಲಿಸಿ ನೋಡಲು ಅದು ಬೇಕು.