ರಾತ್ರಿ ಎರಡಕ್ಕೆ ಯಾರು ಎದ್ದಿರ್ತಾರೆ?

ನನ್ನ ತಮ್ಮನಿಗೆ ಈಗ ಮೂವತ್ನಾಲ್ಕು ವರ್ಷ. ಬುದ್ಧಿಮಾಂದ್ಯತೆ ಇದೆ, ಜೊತೆಗೆ ಫಿಟ್ಸ್. ಮಾತು ಹತ್ತಿಪ್ಪತ್ತು ಶಬ್ದ ಅಷ್ಟೇ. ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಗಂಗಾವತಿಯ ನಮ್ಮ ಮನೆಗೆ ನೋಡಲು ಬಂದ ನೆಂಟರು ಅಲ್ಲೇ ಎರಡು ಪಾರ್ಟಿ ಆದರು. "ಎಲ್ಲಾದರೂ ಆಶ್ರಮದಾಗ ಬಿಡ್ರಿ" ಅಂತ ಅರ್ಧ ಜನ. "ಹೆತ್ತ ಮಗನ್ನ ಆಶ್ರಮಕ್ಕೆ ಹಾಕ್ತೀರೇನು" ಅಂತ ಇನ್ನರ್ಧ. ಅವರಲ್ಲಿ ಒಬ್ಬರೂ ಒಂದು ರಾತ್ರಿ ಅವನ ಪಕ್ಕ ಮಲಗಿದವರಲ್ಲ.

ನಿಮ್ಮ ಮನೆಯಲ್ಲೂ ಈ ಮಾತು ನಡೆದಿದ್ದರೆ, ಮೊದಲು ವಸತಿ ಕೇಂದ್ರ ಮತ್ತು ಸ್ವಂತ ಮನೆಯಲ್ಲೇ ಸಹಾಯ, ಈ ಎರಡರ ಫರಕು ತಿಳಿದುಕೊಳ್ಳಿ. ವಸತಿ ಕೇಂದ್ರದಲ್ಲಿ ಮಂಚ, ಊಟ, ಔಷಧಿ, ನೋಡಿಕೊಳ್ಳುವವರು ಎಲ್ಲ ಒಂದೇ ಕಟ್ಟು. ಇನ್ನೊಂದರಲ್ಲಿ ಮನೆ ಬೇರೆ, ಸಹಾಯ ಬೇರೆ. ಮನೆ ಅವನದು, ಸಹಾಯಕರು ಬಂದು ಹೋಗುತ್ತಾರೆ. ಸಹಾಯಕ ಸರಿ ಬರಲಿಲ್ಲ ಅಂದರೆ ಅವನನ್ನು ಬದಲಿಸಬಹುದು, ಅದಕ್ಕಾಗಿ ತಮ್ಮನು ಮನೆ ಬಿಡಬೇಕಾಗಿಲ್ಲ. ಇವೆರಡರ ನಡುವೆ ನಾಲ್ಕೈದು ಜನ ಸೇರಿ ಇರುವ ಸಣ್ಣ ಮನೆಗಳೂ ಇವೆ. ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ಘರೌಂದಾ' ಯೋಜನೆ ದೊಡ್ಡವರಾದ ಮೇಲೆ ಕಾಯಂ ಇರುವವರಿಗೆ, 'ಸಮರ್ಥ್' ಸ್ವಲ್ಪ ದಿನ ಬಿಡುವವರಿಗೂ ಅಂತ ಮೊದಲು ಬೇರೆ ಬೇರೆ ಇದ್ದವು, ಈಗ ಎರಡೂ ಸೇರಿ 'ಸಮರ್ಥ್-ಕಮ್-ಘರೌಂದಾ' ಅಂತ ಒಂದೇ ಯೋಜನೆ. ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಆದರೂ ಕೇಳಿ ನೋಡಿ.

ಇನ್ನು ಯಾವುದು ನಿಮಗೆ ಸರಿ ಅಂತ ಗೊತ್ತಾಗಲು ಒಂದು ನೂರು ಪುಟದ ನೋಟ್‌ಬುಕ್ ಸಾಕು. ಹದಿನೈದು ದಿನ, ಹಗಲು ರಾತ್ರಿ, ಯಾವಾಗ ಯಾರು ಏನು ಸಹಾಯ ಮಾಡಿದರು ಅಂತ ಬರೆಯಿರಿ. ನನ್ನದರಲ್ಲಿ ಒಂದು ದಿನದ್ದು ಹೀಗಿದೆ: "6.10 ಎದ್ದ. ಪೇಸ್ಟ್ ಹಾಕಿ ಕೊಟ್ಟೆ, ತಾನೇ ಉಜ್ಜಿದ. 9.00 ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಟ್ಟೆ. ಹಾಗೇ ಕೊಟ್ಟರೆ ಗಂಟಲಲ್ಲಿ ಸಿಗುತ್ತದೆ. 11ರಿಂದ 1 ಕಟ್ಟೆ ಮೇಲೆ ಕೂತ, ಯಾರೂ ಬೇಕಾಗಲಿಲ್ಲ. ರಾತ್ರಿ 1.40 ಎದ್ದು ಬಾಗಿಲು ತೆಗೆಯಲು ಹೋದ. 3.15 ಹಾಸಿಗೆ ಒದ್ದೆ." ಹದಿನೈದು ರಾತ್ರಿಯಲ್ಲಿ ಒಂಬತ್ತು ರಾತ್ರಿ ಎದ್ದಿದ್ದ. ಹಗಲು ಅವನಿಗೆ ನಾವು ಅಂದುಕೊಂಡಷ್ಟು ಸಹಾಯ ಬೇಡ. ನಾವು ಅಭ್ಯಾಸಕ್ಕೆ ಸುಮ್ನೆ ಮಾಡುತ್ತಿದ್ದೆವು. ಬೇಕಿದ್ದದ್ದು ರಾತ್ರಿ. ಅದನ್ನು ಅವ್ವ ಯಾರಿಗೂ ಹೇಳದೆ ಮೂವತ್ತು ವರ್ಷ ಮಾಡಿದ್ದಳು.

ಆಮೇಲೆ ಕೇಂದ್ರ ನೋಡಲು ಹೋಗಿ. ಮೊದಲ ಸಲ ಹೇಳಿ ಹೋಗಿ, ಎರಡನೇ ಸಲ ಹೇಳದೆ ಸಂಜೆ ಊಟದ ಹೊತ್ತಿಗೆ ಹೋಗಿ. ಆಫೀಸಿನ ಕುರ್ಚಿಗಿಂತ ಬಟ್ಟೆ ಒಣಹಾಕಿದ ಹಗ್ಗ ನೋಡಿ. ಬಟ್ಟೆಗಳ ಮೇಲೆ ಹೆಸರು ಇದೆಯಾ, ಅಥವಾ ಎಲ್ಲ ಒಂದೇ ರಾಶಿಯಿಂದ ಕೈಗೆ ಸಿಕ್ಕಿದ್ದು ಹಾಕುತ್ತಾರಾ? ಎಲ್ಲರ ತಲೆಯೂ ಒಂದೇ ಥರ ಬೋಳಿಸಿದ್ದರೆ ನನಗೆ ಅಲ್ಲೇ ಮನಸ್ಸು ಮುರಿಯುತ್ತದೆ. ನೋಂದಣಿ ಪತ್ರ ಗೋಡೆ ಮೇಲೆ ಕಾಣಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವ ಹಾಗಿಲ್ಲ.

ಮೇಲಿನವರನ್ನು ಬಿಟ್ಟು, ರಾತ್ರಿ ಪಾಳಿಯವನನ್ನೇ ಎರಡು ಪ್ರಶ್ನೆ ಕೇಳಿ. ರಾತ್ರಿ ಎರಡಕ್ಕೆ ಎಷ್ಟು ಜನ ಎದ್ದಿರ್ತೀರಿ? ಫಿಟ್ಸ್ ಬಂದರೆ ಏನು ಮಾಡ್ತೀರಿ? "ಕೈಗೆ ಬೀಗದ ಕೈ ಕೊಡ್ತೀವ್ರಿ" ಅಂದರೆ ನಮಸ್ಕಾರ ಹೇಳಿ ಹೊರಟುಬಿಡಿ. ಒಂದು ಮಗ್ಗುಲಿಗೆ ತಿರುಗಿಸಬೇಕು, ಬಾಯಲ್ಲಿ ಏನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಇಷ್ಟು ಬಾಯಿಗೆ ಬರುವವರ ಹತ್ತಿರ ಮಾತ್ರ ಮುಂದಿನ ಮಾತು.

ಬಿಡುವುದಾದರೂ ಒಮ್ಮೆಲೇ ಬಿಡಬೇಡಿ. ನಾವು ಒಂದು ಕಡೆ ಹದಿನೈದು ದಿನಕ್ಕೆ ಅಂತ ಬಿಟ್ಟಿದ್ದೆವು. ರಾತ್ರಿ ಮಾತ್ರೆ ಎರಡು ದಿನ ತಪ್ಪಿತು, ಫಿಟ್ಸ್ ಬಂತು. ನಮಗೆ ಗೊತ್ತಾಗಿದ್ದು ಮೂರನೇ ದಿನ. ಅವರೇನು ಕೆಟ್ಟವರಲ್ಲ. ಹದಿನೆಂಟು ಜನಕ್ಕೆ ರಾತ್ರಿ ಒಬ್ಬನೇ ಹುಡುಗ. ಅಲ್ಲಿದ್ದಷ್ಟು ದಿನ ನನ್ನ ತಮ್ಮ ಕೈಚೀಲ ಕೆಳಗಿಡಲೇ ಇಲ್ಲವಂತೆ. ಬಾಯಲ್ಲಿ ಹೇಳಲು ಬಾರದವರ ಅಭಿಪ್ರಾಯ ಹೀಗೇ ಗೊತ್ತಾಗುವುದು, ಅಲ್ವಾ?

ಹಾಗಂತ ಸ್ವಂತ ಮನೆಯೇ ಯಾವಾಗಲೂ ಮೇಲು ಅಂತ ನಾನು ಹೇಳುವುದಿಲ್ಲ. ಎತ್ತಲು ಇಬ್ಬರು ಬೇಕು, ನಳಿಕೆಯಲ್ಲಿ ಊಟ ಕೊಡಬೇಕು, ಊರಲ್ಲಿ ಒಡಹುಟ್ಟಿದವರಿಲ್ಲ ಅಂದರೆ ಒಳ್ಳೆಯ ಕೇಂದ್ರವೇ ವಾಸಿ. ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಸಹಾಯಕ ಇದ್ದರೆ ಅವನು ಹೊಡೆದರೂ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಇಬ್ಬರನ್ನು ಇಡಿ. ಒಬ್ಬನೇ ಇದ್ದಾಗ ಭತ್ತದ ನಾಟಿ ಶುರುವಾಗಿ ನಮ್ಮ ಸಹಾಯಕ ನಾಲ್ಕು ದಿನ ಗಾಯಬ್. ನಾನು ರೈಸ್‌ಮಿಲ್ಲಿನ ಲೆಕ್ಕದ ಕೆಲಸ ಬಿಟ್ಟು ಮನೆಯಲ್ಲಿ ಕೂತೆ.

ಕಾಗದಪತ್ರ ಯಾವುದಕ್ಕೂ ಬೇಕು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿ. ಹಳ್ಳಿಯಾದರೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ. ಹದಿನೆಂಟು ತುಂಬಿದ ಮೇಲೆ ಅಪ್ಪ ಅವ್ವ ಕೂಡ ತಾವಾಗಿಯೇ ಕಾನೂನಿನ ಗಾರ್ಡಿಯನ್ ಅಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇದ್ದವರಿಗೆ ಡಿಸಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ನಾವು ಕೊಪ್ಪಳಕ್ಕೆ ಹೋದೆವು. ಇದೇ ನಾಲ್ಕಕ್ಕೆ 'ನಿರಾಮಯ' ವಿಮೆಯೂ ಇದೆ, ಒಂದು ಲಕ್ಷದವರೆಗೆ.

ಕೊನೆಗೆ ನಾವು ಮನೆ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಹಗಲು ಒಬ್ಬ, ರಾತ್ರಿ ಇನ್ನೊಬ್ಬ. ಮಾತ್ರೆ ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕು. ನಾನು ದಿನಾ ಬೇರೆ ಬೇರೆ ಹೊತ್ತಿಗೆ ಹೋಗುತ್ತೇನೆ. ಮೊದಮೊದಲು ಸಂಜೆಯಾದರೆ ಚೀಲ ಹಿಡಿದು ಅವ್ವನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಈಗ ಚೀಲ ಮೊಳೆಗೆ ನೇತುಬಿದ್ದಿದೆ. ಬೀಗದ ಕೈ ಉಡದಾರಕ್ಕೆ ಕಟ್ಟಿಸಿಕೊಂಡಿದ್ದಾನೆ, ಯಾರು ಕೇಳಿದರೂ ಕೊಡುವುದಿಲ್ಲ. ಇನ್ನೊಂದು ಕೈ ನನ್ನ ಹತ್ತಿರ ಇರುವುದು ಅವನಿಗೆ ಗೊತ್ತಿಲ್ಲ.