ಆಂಬುಲೆನ್ಸ್ ಚಾಲಕರ ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಚಾಲನಾ ದಾಖಲೆ ನೋಡಿಕೊಳ್ಳುವುದು ಹೇಗೆ?

ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಪುಣೆಗೆ ಬಂದು ಟೆಂಪೊ ಅಥವಾ ಕ್ಯಾಬ್ ಓಡಿಸುತ್ತಿರುವ ನಮ್ಮವರಲ್ಲಿ ಹಲವರು ಆಂಬುಲೆನ್ಸ್ ಕೆಲಸಕ್ಕೆ ಪ್ರಯತ್ನಿಸುತ್ತಾರೆ. ಗಾಡಿ ಓಡಿಸಿ ತೋರಿಸುವ ಪರೀಕ್ಷೆಯಲ್ಲಿ ಮೆಚ್ಚುಗೆ ಪಡೆದವರೂ ದಾಖಲೆ ಪರಿಶೀಲನೆಯಲ್ಲಿ ಕೈಬಿಟ್ಟುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಮ್ಮ ಹೆಸರಿನ ಮೇಲೆ ಏನು ದಾಖಲಾಗಿದೆ ಎಂಬುದು ಅವರಿಗಿಂತ ಮೊದಲು ಕೆಲಸ ಕೊಡುವವರಿಗೆ ಗೊತ್ತಾಗಿರುತ್ತದೆ.

ಮೊದಲು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ ಲೈಸೆನ್ಸಿನ ಸ್ಥಿತಿಯನ್ನು ನೋಡಿ. ಅಲ್ಲಿ ಖಾಸಗಿ ವಾಹನಕ್ಕೂ ಸಾರಿಗೆ ವಾಹನಕ್ಕೂ ಬೇರೆ ಬೇರೆ ಅವಧಿ ಇರುತ್ತದೆ. ಸಾರಿಗೆ ವಾಹನದ ಅವಧಿ 5 ವರ್ಷ ಮಾತ್ರವಾದ್ದರಿಂದ, ಕಾರ್ಡು ಇನ್ನೂ ಚಾಲ್ತಿಯಲ್ಲಿದೆ ಎಂದು ನಂಬಿದವರಿಗೆ ಅದು ಮುಗಿದಿರುವುದು ತಿಳಿದೇ ಇರುವುದಿಲ್ಲ. ಮುಗಿದು ಒಂದು ವರ್ಷ ದಾಟಿದರೆ ನವೀಕರಣಕ್ಕೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ. ಊರಿನ ಆರ್‌ಟಿಒ ಕೊಟ್ಟ ಹಳೆಯ ಪುಸ್ತಕದ ಲೈಸೆನ್ಸ್ ಜಾಲತಾಣದಲ್ಲಿ ಕಾಣದಿದ್ದರೆ, ಅದೇ ಕಚೇರಿಗೆ ಹೋಗಿ ಬ್ಯಾಕ್‌ಲಾಗ್ ನಮೂದು, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಿ. ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ 7,500 ಕೆಜಿ ಮೀರದ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ, ನಿಜ. ಆದರೂ ಜಾಹೀರಾತಿನಲ್ಲಿ ಸಾರಿಗೆ ಲೈಸೆನ್ಸ್ ಕೇಳಿದ್ದರೆ ಅದನ್ನೇ ಮಾಡಿಸಿಕೊಳ್ಳಿ, ಕೌಂಟರಿನಲ್ಲಿ ತೀರ್ಪಿನ ಮಾತು ತೆಗೆಯಬೇಡಿ.

ಎರಡನೆಯದು ಚಲನ್. ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಮೆರಾ ಹಿಡಿಯುವುದು ವಾಹನದ ಸಂಖ್ಯೆಯನ್ನು. ಹಾಗಾಗಿ ಮಾಲೀಕರ ಕ್ಯಾಬಿನಲ್ಲಿ ನೀವು ಸಿಗ್ನಲ್ ದಾಟಿದರೆ ಚಲನ್ ಮಾಲೀಕರಿಗೆ ಹೋಗುತ್ತದೆ, ನಿಮ್ಮ ಬೈಕನ್ನು ತಮ್ಮ ಓಡಿಸಿ ಸಿಕ್ಕಿಬಿದ್ದರೆ ಅದು ನಿಮ್ಮ ಹೆಸರಿಗೆ ಬರುತ್ತದೆ. ಪೊಲೀಸರು ನಿಲ್ಲಿಸಿ ಲೈಸೆನ್ಸ್ ನೋಡಿ ಬರೆದ ಚಲನ್ ಮಾತ್ರ ಲೈಸೆನ್ಸ್ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕೇಂದ್ರದ ಇ-ಚಲನ್ ತಾಣದಲ್ಲಿ ಲೈಸೆನ್ಸ್ ಸಂಖ್ಯೆಯಿಂದಲೂ ವಾಹನ ಸಂಖ್ಯೆಯಿಂದಲೂ ಹುಡುಕಿ, ಬಳಿಕ ಮಹಾರಾಷ್ಟ್ರ ಪೊಲೀಸರ ಪ್ರತ್ಯೇಕ ತಾಣದಲ್ಲಿ ವಾಹನ ಸಂಖ್ಯೆ ಹಾಕಿ ಇನ್ನೊಮ್ಮೆ ನೋಡಿ. ಬೈಕಿಗೆ ಕರ್ನಾಟಕದ ನೋಂದಣಿ ಇದ್ದರೆ ಊರಿನ ಬಾಕಿಯನ್ನೂ ಮರೆಯಬೇಡಿ. ಒಂದೊಂದು ಚಲನ್ನಿನ ಫೋಟೊ ತೆರೆದು, ದಿನಾಂಕ, ಸ್ಥಳ, ಅಪರಾಧದ ಕಲಮು ಬರೆದುಕೊಂಡು, ಕಟ್ಟಬೇಕಾದ್ದನ್ನು ಕಟ್ಟಿ ರಸೀದಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಮೊಬೈಲಿನಲ್ಲಿ ತೋರಿಸುತ್ತೇನೆ ಎಂಬ ಭರವಸೆ ನನಗಂತೂ ಒಪ್ಪಿಗೆಯಿಲ್ಲ. ವಾಟ್ಸಾಪಿನಲ್ಲಿ ಚಲನ್ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು (ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಫೈಲು) ಎಂದಿಗೂ ತೆರೆಯಬೇಡಿ. ಅದು ಬ್ಯಾಂಕ್ ಖಾತೆಗೆ ಕನ್ನ ಹಾಕುವ ಮೋಸ. ಹಳೆಯ ದಾಖಲೆ ಅಳಿಸಿಕೊಡುತ್ತೇನೆ ಎನ್ನುವ ಆರ್‌ಟಿಒ ಹೊರಗಿನ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದಂಡ ಕಟ್ಟಿದ ಮಾತ್ರಕ್ಕೆ ಎಲ್ಲವೂ ಒಂದೇ ತೂಕದ್ದಾಗುವುದಿಲ್ಲ. ತಪ್ಪು ಜಾಗದಲ್ಲಿ ನಿಲ್ಲಿಸಿದ ದಂಡವನ್ನು ಯಾರೂ ಗಂಭೀರವಾಗಿ ನೋಡಲಾರರು. ಮೋಟಾರು ವಾಹನ ಕಾಯಿದೆಯ 184ನೇ ಕಲಮಿನ ಅಪಾಯಕಾರಿ ಚಾಲನೆ ಮತ್ತು 185ನೇ ಕಲಮಿನ ಕುಡಿದ ಚಾಲನೆ ಮಾತ್ರ ರೋಗಿಯನ್ನು ಒಪ್ಪಿಸಬೇಕಾದ ಕೆಲಸಕ್ಕೆ ನೇರವಾಗಿ ಅಡ್ಡ ಬರುತ್ತವೆ. ಅತಿವೇಗ, ಕೆಂಪು ದೀಪ ದಾಟುವುದು, ಚಾಲನೆ ವೇಳೆ ಮೊಬೈಲ್ ಬಳಕೆ ಇವುಗಳಿಗೆ ಲೈಸೆನ್ಸನ್ನೇ ಅಮಾನತು ಮಾಡುವ ಅವಕಾಶವಿದೆ. ದಂಡ ಕಟ್ಟಿ ಮರೆತವರ ಲೈಸೆನ್ಸ್ ಆ ಬಳಿಕ ಅಮಾನತಾಗಿರಬಹುದು.

ಅಪಘಾತದ ಪ್ರಕರಣವಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಎಫ್‌ಐಆರ್ ಸಂಖ್ಯೆಯಿಂದ ಅದರ ಸ್ಥಿತಿ ನೋಡಿ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಐಪಿಸಿಯ 279 (ಅಜಾಗರೂಕ ಚಾಲನೆ) ಅಥವಾ 304ಎ (ನಿರ್ಲಕ್ಷ್ಯದಿಂದ ಸಾವು), ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 281 ಅಥವಾ 106 ಎಂದು ಕಲಮು ಇರುತ್ತದೆ. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ವಕೀಲರ ಬಾಯಿಮಾತು ಸಾಲದು. ಪ್ರಕರಣ ಇನ್ನೂ ನಡೆಯುತ್ತಿದ್ದರೆ ಅರ್ಜಿಯಲ್ಲಿ ಹಾಗೆಯೇ ಬರೆಯಿರಿ, ಏಕೆಂದರೆ ಪೊಲೀಸರ ಚಾರಿತ್ರ್ಯ ಪರಿಶೀಲನೆಯಲ್ಲಿ ಅದು ಹೊರಬಂದರೆ ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ದೋಷವಾಗುತ್ತದೆ.

ಈ ಮೊದಲು ಆಂಬುಲೆನ್ಸ್ ಓಡಿಸಿದವರಿಗೆ ಒಂದು ಮಾತು. ರೋಗಿಯ ತುರ್ತಿದ್ದಾಗ, ಎಚ್ಚರಿಕೆಯಿಂದ, ಸಿಗ್ನಲ್ ಮತ್ತು ವೇಗಮಿತಿ ಮೀರಲು 2017ರ ಚಾಲನಾ ನಿಯಮಾವಳಿ ಅವಕಾಶ ಕೊಡುತ್ತದೆ. ಖಾಲಿ ಗಾಡಿಯಲ್ಲಿ ಸೈರನ್ ಹಾಕಿ ಮರಳುವಾಗ ಕೊಡುವುದಿಲ್ಲ. ಸೇವೆಯ ವೇಳೆ ಬಿದ್ದ ಚಲನ್ನಿಗೆ ಆ ದಿನದ ಟ್ರಿಪ್ ಶೀಟಿನ ಪ್ರತಿ ಜೋಡಿಸಿ ತಕರಾರು ಸಲ್ಲಿಸಬೇಕು, ಆ ಪ್ರತಿಯನ್ನು ಕೆಲಸ ಬಿಡುವ ಮೊದಲೇ ಕೇಳಿ ಪಡೆಯಬೇಕು.

ವೈದ್ಯಕೀಯ ಪ್ರಮಾಣಪತ್ರ, ಫೋಟೊ, ವಿಳಾಸದ ಪುರಾವೆ ಒಂದೇ ದಿನದ ಕೆಲಸ. ಲೈಸೆನ್ಸ್, ಆಧಾರ್, ಹಳೆಯ ಅನುಭವ ಪತ್ರ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಇರಲಿ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಊರಿನ ಹೆಸರು ಮುಂದೆ ಇದ್ದರೆ ಅರ್ಜಿಗೆ ಮೊದಲೇ ತಿದ್ದಿಸಿ.