ಐದೂ ಮುಕ್ಕಾಲಕ್ಕೆ ಏಳುವುದು

ನಾನು ಮೊದಲು ಗಟ್ಟಿಮಾಡಿಕೊಂಡದ್ದು ಏಳುವ ಹೊತ್ತನ್ನು. ರಾತ್ರಿ ಎಷ್ಟೊತ್ತಿಗೆ ಕಣ್ಣು ಹತ್ತಿದರೂ ಬೆಳಿಗ್ಗೆ 5.45ಕ್ಕೆ ಹಾಸಿಗೆ ಬಿಡಬೇಕು. ಭಾನುವಾರವೂ ಅಷ್ಟೇ, ಹಬ್ಬದ ದಿನವೂ ಅಷ್ಟೇ. ಉಳಿದ ಅಭ್ಯಾಸಗಳೆಲ್ಲ ಇದರ ಬೆನ್ನಿಗೆ ಬಂದವು.

ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಟೀಚರ್. 2023ರ ಆಗಸ್ಟ್‌ನಲ್ಲಿ ಅಪ್ಪ ತೀರಿಕೊಂಡರು. ಕಾರ್ಯವೆಲ್ಲ ಮುಗಿದು, ಬಂದವರು ಅವರವರ ಊರಿಗೆ ಹೋದ ಮೇಲೆ ನನ್ನ ನಿದ್ದೆ ಹೋಯಿತು. ಮೂರು ಗಂಟೆಗೆ ಎಚ್ಚರ, ಆಮೇಲೆ ಬರೀ ಹೊರಳಾಟ. ಊಟ ರುಚಿಸುತ್ತಿರಲಿಲ್ಲ. ಮಗ್ಗಿ ತಪ್ಪಿದ ಹುಡುಗನ ಮೇಲೆ ಒಂದು ದಿನ ಎಷ್ಟು ಜೋರಾಗಿ ಕೂಗಿದೆ ಅಂದರೆ ಇಡೀ ತರಗತಿ ಸುಮ್ಮನಾಯಿತು. ಆ ಮಗುವಿನ ಮುಖ ನನಗೆ ಈಗಲೂ ನೆನಪಿದೆ.

ಹೀಗೇ ಐದು ತಿಂಗಳು ಕಳೆದವು. ಮನೋವೈದ್ಯರ ಹತ್ತಿರ ಹೋಗುತ್ತೇನೆ ಅಂದಾಗ ಹತ್ತಿರದ ಸಂಬಂಧಿಯೊಬ್ಬರು, ‘ನಿನಗೇನ್ ಹುಚ್ಚ ಹಿಡದೈತೇನ?’ ಎಂದು ಕೇಳಿದರು. ಆ ಮಾತಿಗೆ ಅಂಜಿ ಮತ್ತೊಂದು ತಿಂಗಳು ದೂಡಿದೆ. ದೂಡಬಾರದಿತ್ತು. ಕೊನೆಗೆ ಒಂದು ರಾತ್ರಿ ಹನ್ನೊಂದೂವರೆಗೆ 14416ಕ್ಕೆ ಫೋನ್ ಮಾಡಿದೆ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ನಾನು ಅಳುವುದು ಮುಗಿಯುವವರೆಗೆ ಕಾದಳು. ಮರುದಿನವೇ ಡಾಕ್ಟರ್ ಹತ್ತಿರ ಹೋದೆ.

ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು, ಮಧ್ಯೆ ಬಿಡಬೇಡಿ ಅಂದರು. ಆಮೇಲೆ ಒಂದು ಮಾತು ಹೇಳಿದರು: ‘ನಿದ್ದಿ ಬರೂದು ನಿಮ್ಮ ಕೈಯಾಗ ಇಲ್ರೀ. ಏಳೂದು ಐತಿ. ಅದನ್ನ ಹಿಡೀರಿ.’

ಮೊದಲ ವಾರ ನರಕ. ನಾಲ್ಕು ತಾಸು ಮಲಗಿ 5.45ಕ್ಕೆ ಎದ್ದರೆ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಎಳೆಯುತ್ತಿತ್ತು. ಆದರೂ ಹಗಲು ಮಲಗಲಿಲ್ಲ. ಎಚ್ಚರವಿದ್ದಷ್ಟೂ ಮೈಯಲ್ಲಿ ನಿದ್ದೆಯ ಹಸಿವು ಕೂಡುತ್ತಾ ಹೋಗುತ್ತದೆ. ಮಧ್ಯಾಹ್ನ ಒಂದು ತಾಸು ಮಲಗಿದರೆ ಸಂಜೆ ಚುರುಮುರಿ ತಿಂದು ರಾತ್ರಿ ಊಟಕ್ಕೆ ಕೂತ ಹಾಗೆ. ಎರಡನೆಯ ವಾರದ ಕೊನೆಗೆ ಹತ್ತೂವರೆಗೆ ತಾನಾಗೇ ಆಕಳಿಕೆ ಬಂತು. ಅವತ್ತು ಎಷ್ಟು ಖುಷಿಯಾಯಿತು ಅಂದರೆ ಅವ್ವನನ್ನು ಎಬ್ಬಿಸಿ ಹೇಳಿದೆ.

ಎದ್ದ ಮೇಲೆ ಮನೆಯೊಳಗೆ ಕೂರಬಾರದು, ಹೊರಗೆ ಬೆಳಕಿಗೆ ಹೋಗಬೇಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗಲೇ ಮೈಯೊಳಗಿನ ಗಡಿಯಾರಕ್ಕೆ ಹಗಲು ಶುರುವಾಯಿತು ಅಂತ ಗೊತ್ತಾಗುವುದು. ಒಬ್ಬಳೇ ಹೋಗಲು ಬೇಜಾರು. ಪಕ್ಕದ ಮನೆಯ ವೈನಿಯನ್ನು ಕೇಳಿದೆ. ‘ನನಗೂ ಶುಗರ್ ಐತ್ರೀ ಟೀಚರ, ನಡೀರಿ’ ಅಂದರು. ಗಾಂಧಿ ಚೌಕದ ಕಡೆಯಿಂದ ಗೋಲಗುಂಬಜದ ದಿಕ್ಕಿಗೆ ಹದಿನೈದು ನಿಮಿಷ, ವಾಪಸ್ ಹದಿನೈದು. ವಾರಕ್ಕೆ ಐದು ದಿನವಾದರೆ 150 ನಿಮಿಷ. ದೊಡ್ಡವರಿಗೆ ಕಡಿಮೆ ಅಂದರೂ ಇಷ್ಟು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎಂಟು ಗಂಟೆಯ ಬಿಸಿಲಿಗೇ ನೆತ್ತಿ ಸುಡುತ್ತದೆ. ಹಾಗಾಗಿ ಬೇಗ ಏಳುವುದೇ ಲಾಭ.

ಆ ಹೊತ್ತು ಅಪ್ಪನದು. ಸಿದ್ಧೇಶ್ವರ ಶ್ರೀಗಳ ಪ್ರವಚನ ಇದ್ದಾಗ ಅಪ್ಪ ಕತ್ತಲಲ್ಲೇ ಎದ್ದು ಸೈಕಲ್ ಹತ್ತುತ್ತಿದ್ದರು. ಶ್ರೀಗಳು 2023ರ ಜನವರಿ 2ರಂದು ದೇಹ ಬಿಟ್ಟರು. ಅದೇ ವರ್ಷ ಅಪ್ಪನೂ ಹೋದರು. ಮೊದಮೊದಲು ಬೆಳಗಿನ ಸೈಕಲ್ ಬೆಲ್ ಕೇಳಿದರೆ ಎದೆ ಹಿಂಡುತ್ತಿತ್ತು. ವೈನಿ ಏನೂ ಕೇಳುತ್ತಿರಲಿಲ್ಲ, ನಡಿಗೆ ಸ್ವಲ್ಪ ನಿಧಾನ ಮಾಡುತ್ತಿದ್ದರು.

ಎರಡನೆಯದು ಚಿಂತೆಯ ನೋಟ್‌ಬುಕ್. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದು. ಸಂಜೆ ಆರೂವರೆಗೆ ಹದಿನೈದು ನಿಮಿಷ ಕೂತು ತಲೆಯಲ್ಲಿ ಇದ್ದದ್ದನ್ನೆಲ್ಲ ಬರೆಯುತ್ತೇನೆ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ನಾಳೆ ಮಾಡಬಹುದಾದದ್ದು: ಅವ್ವನ ಬಿಪಿ ಮಾತ್ರೆ ತರುವುದು, ಪಿಂಚಣಿ ಕಾಗದಕ್ಕೆ ಸಹಿ ಹಾಕಿಸುವುದು, ಆ ಹುಡುಗನನ್ನು ಕರೆದು ಮಾತಾಡಿಸುವುದು. ಬಲಕ್ಕೆ ನನ್ನ ಕೈಯಲ್ಲಿ ಇಲ್ಲದ್ದು. ‘ಅಪ್ಪನಿಗೆ ಇನ್ನೂ ಮೊದಲೇ ತೋರಿಸಬೇಕಿತ್ತು’ ಎಂಬ ಸಾಲನ್ನು ಬಲಗಡೆ ಬರೆಯಲು ನನಗೆ ನಲವತ್ತು ದಿನ ಹಿಡಿಯಿತು. ಅಲ್ಲಿಯವರೆಗೆ ದಿನವೂ ಅದನ್ನು ಎಡಗಡೆಯೇ ಬರೆಯುತ್ತಿದ್ದೆ. ರಾತ್ರಿ ಅದೇ ಚಿಂತೆ ಬಂದರೆ, ಬರೆದಿಟ್ಟಿದ್ದೇನೆ, ನಾಳೆ ಆರೂವರೆಗೆ ನೋಡೋಣ ಅಂದುಕೊಳ್ಳುತ್ತೇನೆ. ಮನಸ್ಸು ಎಲ್ಲ ದಿನ ಕೇಳುವುದಿಲ್ಲ. ಎಷ್ಟೋ ದಿನ ಕೇಳುತ್ತದೆ.

ಚಹಾ ಕಡಿಮೆ ಮಾಡುವುದು ನಮ್ಮ ಕಡೆ ಕಷ್ಟ. ಯಾರ ಮನೆಗೆ ಹೋದರೂ ಚಹಾ ಬೇಡ ಅಂದರೆ ಅವರಿಗೆ ಬೇಜಾರು. ಕುಡಿದ ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು ಎಂದು ತಿಳಿದ ಮೇಲೆ ಮಧ್ಯಾಹ್ನ ಮೂರರ ನಂತರ ಮಜ್ಜಿಗೆ ಕೇಳುತ್ತೇನೆ. ಮಜ್ಜಿಗೆ ಕೊಡಲು ಯಾರೂ ಬೇಜಾರು ಮಾಡಿಕೊಂಡಿಲ್ಲ. ಫೋನ್ ರಾತ್ರಿ ಪಡಸಾಲೆಯಲ್ಲಿ ಚಾರ್ಜ್‌ಗೆ ಇರುತ್ತದೆ. ಏಳಲು ಒಂದು ಅಲಾರಾಂ ಗಡಿಯಾರ ತಂದಿದ್ದೇನೆ.

ಧ್ಯಾನಕ್ಕೂ ಕೂತು ನೋಡಿದೆ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮಂಚವೇ ಕಾಣುತ್ತಿತ್ತು, ಬಿಟ್ಟೆ. ಅದರ ಬದಲು ನನಗೆ ಒಗ್ಗಿದ್ದು ರೊಟ್ಟಿ ಬಡಿಯುವುದು. ಅಪ್ಪ ಹೋದ ಮೇಲೆ ರೊಟ್ಟಿ ಅಂಗಡಿಯಿಂದಲೇ ತರುತ್ತಿದ್ದೆವು. ಈಗ ಭಾನುವಾರ ನಾನೂ ಅವ್ವನೂ ಕೂರುತ್ತೇವೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಕೈ ಸುಡುತ್ತಿದ್ದರೂ ಚೆನ್ನಾಗಿ ನಾದಬೇಕು. ಬಡಿಯುವಾಗ ಮನಸ್ಸು ಬೇರೆ ಕಡೆ ಹೋಯಿತೋ, ಅಂಚು ಬಿರಿಯುತ್ತದೆ. ಹಂಚಿನ ಮೇಲೆ ಹಾಕಿ ನೀರು ಸವರಬೇಕು, ತಡವಾದರೆ ಸೀಳುತ್ತದೆ. ಅರ್ಧ ತಾಸು ತಲೆಯಲ್ಲಿ ಹಿಟ್ಟು, ಬೆಂಕಿ, ನೀರು ಬಿಟ್ಟು ಏನೂ ಇರುವುದಿಲ್ಲ. ಅವ್ವ ಮೊದಲ ಸಲ ಅಪ್ಪನ ಬಗ್ಗೆ ಮಾತಾಡಿದ್ದೂ ಒಲೆಯ ಮುಂದೆಯೇ. ‘ನಿಮ್ಮಪ್ಪಗ ಬಿಸಿ ರೊಟ್ಟಿ ಅಲ್ಲ, ಕಟಕ ರೊಟ್ಟೀನ ಬೇಕಾಗಿತ್ತು’ ಅಂದಳು. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು.

ತರಗತಿಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಐದು ಸಲ ಉಸಿರಾಡುತ್ತೇನೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಮಕ್ಕಳು ಇದನ್ನು ಗಮನಿಸಿದ್ದಾರೆ. ಆ ಮಗ್ಗಿಯ ಹುಡುಗ ಈಗ ಬೋರ್ಡಿನ ಮುಂದೆ ಬರುವ ಮೊದಲು ತಾನೂ ಉಸಿರು ಎಣಿಸುತ್ತಾನೆ.

ಡಾಕ್ಟರ್ ಹೇಳಿದ ಹಾಗೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ, ಒಂದು ವರ್ಷಕ್ಕೆ ನಿಲ್ಲಿಸಿದೆವು. ಅಪ್ಪನ ಎರಡನೇ ವರ್ಷದ ಪುಣ್ಯತಿಥಿಯ ಹಿಂದಿನ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ. ಮೂರು, ನಾಲ್ಕು, ಐದು, ಎಲ್ಲ ಗಂಟೆಯನ್ನೂ ನೋಡಿದೆ. 5.45ಕ್ಕೆ ಅಲಾರಾಂ ಹೊಡೆಯಿತು. ಎದ್ದು ಮುಖ ತೊಳೆದು ಬಾಗಿಲು ತೆಗೆದೆ. ವೈನಿ ಗೇಟಿನ ಹತ್ತಿರ ನಿಂತಿದ್ದರು. ಮುಖ ನೋಡಿ ಅವರಿಗೆ ಗೊತ್ತಾಯಿತು.

‘ಇವತ್ತ ಸಾವಕಾಶ ಹೋಗೂಣ್ರೀ ಟೀಚರ’ ಅಂದರು. ಹೊರಟೆವು.